ನಾಲ್ಕನೇ ಬೆಡ್ಡಿನ ಊಟ

೧೯೯೪ರಲ್ಲಿ ನಾನು ಕೊಚ್ಚಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟೀಶಿಯನ್ ಆಗಿದ್ದೆ. ಬ್ಯಾಂಕಿನವರು ನನ್ನ ಯಜಮಾನರನ್ನು ಮೈಸೂರಿನಿಂದ ಎರ್ನಾಕುಲಕ್ಕೆ ವರ್ಗ ಮಾಡಿದ್ದರು. ತ್ರಿಪ್ಪುಣಿತ್ತುರದಲ್ಲಿ ಬಾಡಿಗೆ ಮನೆ. ಮನೆಯಲ್ಲಿ ಕೂತು ಪಕ್ಕದವರಿಂದ ಮಲಯಾಳಂ ಕಲಿಯುವ ಬದಲು ಸಂಬಳ ತೆಗೆದುಕೊಂಡೇ ಕಲಿಯೋಣವೆಂದು ಕೆಲಸಕ್ಕೆ ಸೇರಿದೆ. ಯಾವ ರೋಗಿಗೆ ಏನು, ಎಷ್ಟು, ಯಾವ ರೂಪದಲ್ಲಿ ಊಟ ಕೊಡಬೇಕೆಂದು ಲೆಕ್ಕ ಹಾಕುವುದು ಡಯಟೀಶಿಯನ್ ಕೆಲಸ. ಇಡೀ ಆಸ್ಪತ್ರೆಗೆ ಆ ಹುದ್ದೆಯಲ್ಲಿ ನಾನೊಬ್ಬಳೇ. ವಿಭಾಗದ ಮುಖ್ಯಸ್ಥೆಯೂ ನಾನೇ, ಸಿಬ್ಬಂದಿಯೂ ನಾನೇ. ಆದ್ದರಿಂದ ವಿಭಾಗದ ಸಭೆಗಳು ಸದಾ ಒಮ್ಮತದಿಂದ ಮುಗಿಯುತ್ತಿದ್ದವು.

ನನ್ನ ರಾಜ್ಯದ ರಾಜಧಾನಿ ನೆಲಮಹಡಿಯ ಕ್ಯಾಂಟೀನಿನ ಹಿಂದಿದ್ದ ಒಂದು ಕೋಣೆ. ಅಲ್ಲಿ ಒಂದು ಗ್ಯಾಸ್ ಒಲೆ, ಒಂದು ತಕ್ಕಡಿ, ಒಂದು ಮಿಕ್ಸಿ, ಸೋಸಲು ಬಿಳಿ ಬಟ್ಟೆ. ಐಸಿಯುವಿನಲ್ಲಿ ಪ್ರಜ್ಞೆ ಇಲ್ಲದವರಿಗೆ, ನುಂಗಲು ಬಾರದವರಿಗೆ ಮೂಗಿನಿಂದ ಹೊಟ್ಟೆಯವರೆಗೆ ಒಂದು ತೆಳು ರಬ್ಬರ್ ಕೊಳವೆ ಇಳಿಸುತ್ತಾರೆ. ಅದನ್ನು ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಈಗ ಡಬ್ಬಿಗಳಲ್ಲಿ ಬರುವ ಪುಡಿಗಳು ಆಗ ನಮ್ಮ ಕೈಗೆಟುಕುತ್ತಿರಲಿಲ್ಲ. ಅಕ್ಕಿಹಿಟ್ಟಿನ ಗಂಜಿ, ಬೇಯಿಸಿದ ಹೆಸರುಬೇಳೆ, ಕೆನೆ ತೆಗೆದ ಹಾಲು, ಸಕ್ಕರೆ, ಎಣ್ಣೆ, ಮೊಟ್ಟೆ ತಿನ್ನುವವರಾದರೆ ಅದರ ಬಿಳಿ, ಇಷ್ಟನ್ನೂ ಅರೆದು ಸೋಸಿ ನೀರಾಗಿಸಿ ಫ್ಲಾಸ್ಕಿನಲ್ಲಿ ಮೇಲಕ್ಕೆ ಕಳಿಸುತ್ತಿದ್ದೆ. ನರ್ಸುಗಳು ಎರಡು ಗಂಟೆಗೊಮ್ಮೆ ಇನ್ನೂರು ಮಿಲಿಲೀಟರಿನಂತೆ ಸಿರಿಂಜಿನಿಂದ ಕೊಳವೆಗೆ ಇಳಿಸಬೇಕು. ಇದಕ್ಕೆ ‘ಫೀಡ್’ ಎಂದು ಹೆಸರು. ರುಚಿಯ ಬಗ್ಗೆ ಯಾವ ರೋಗಿಯಿಂದಲೂ ದೂರು ಬಂದಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಮೂಗಿನಿಂದ ಉಣ್ಣುವವರಿಗೆ ನಾಲಿಗೆಯ ಹಂಗಿಲ್ಲ.

ಆ ವರ್ಷ ನಾಲ್ಕನೇ ಬೆಡ್ಡಿಗೆ ಬಂದವರು ಶ್ರೀಧರಮೂರ್ತಿ. ಹಾಸನದ ಕಡೆಯವರು, ತಿರುವನಂತಪುರದ ತುಂಬಾ ಎಂಬಲ್ಲಿನ ರಾಕೆಟ್ ಕೇಂದ್ರದಲ್ಲಿ ಕೇಂದ್ರ ಸರ್ಕಾರದ ತಾಂತ್ರಿಕ ನೌಕರಿ. ಹಡಗಿನಲ್ಲಿ ಬಂದಿದ್ದ ಯಾವುದೋ ಯಂತ್ರದ ಪೆಟ್ಟಿಗೆಯನ್ನು ಬಿಡಿಸಿಕೊಳ್ಳಲು ಕೊಚ್ಚಿ ಬಂದರಿಗೆ ಬಂದಿದ್ದರು. ರೈಲಿನಿಂದ ಇಳಿದಾಗ ಪಾದ ಜೋಮು ಹಿಡಿದಂತಿತ್ತಂತೆ. ಸೀಟು ಸರಿಯಿರಲಿಲ್ಲ ಎಂದುಕೊಂಡರು. ಮರುದಿನ ಲಾಡ್ಜಿನ ಮೆಟ್ಟಿಲು ಹತ್ತಲಾಗಲಿಲ್ಲ. ಅದರ ಮಾರನೆಯ ದಿನ ಕೈ ಎತ್ತಲಾಗಲಿಲ್ಲ. ನಮ್ಮಲ್ಲಿಗೆ ತಂದಾಗ ಉಸಿರು ಎಳೆಯಲೂ ಆಗುತ್ತಿರಲಿಲ್ಲ. ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರ್, ಅಂದರೆ ಉಸಿರಾಡಿಸುವ ಯಂತ್ರಕ್ಕೆ ಜೋಡಿಸಿದರು.

ಕಾಯಿಲೆಯ ಹೆಸರು ಗಿಲ್ಲನ್ ಬಾರೆ ಸಿಂಡ್ರೋಮ್. ದೇಹದ ರಕ್ಷಣಾ ಪಡೆ ದಾರಿ ತಪ್ಪಿ ಸ್ವಂತ ನರಗಳ ಹೊದಿಕೆಯನ್ನೇ ಹಾಳುಮಾಡುತ್ತದೆ. ಪಾದದಿಂದ ಶುರುವಾಗಿ ಜಡತ್ವ ಮೇಲಕ್ಕೆ ಏರುತ್ತದೆ. ಇದರಲ್ಲಿ ಎರಡು ವಿಶೇಷಗಳುಂಟು. ಮೊದಲನೆಯದು, ರೋಗಿಗೆ ಪೂರ್ತಿ ಪ್ರಜ್ಞೆ ಇರುತ್ತದೆ. ಕೇಳಿಸುತ್ತದೆ, ಅರ್ಥವಾಗುತ್ತದೆ, ಬೆರಳು ಮಾತ್ರ ಆಡುವುದಿಲ್ಲ. ಎರಡನೆಯದು, ಬೇರೆಯವರು ಉಸಿರನ್ನೂ ಊಟವನ್ನೂ ನೋಡಿಕೊಂಡರೆ ಸಾಕಷ್ಟು ಜನ ತಿಂಗಳುಗಳ ಮೇಲೆ ಎದ್ದು ಕೂರುತ್ತಾರೆ. ಉಸಿರು ಎಳೆಯುವುದೂ ಮಾಂಸಖಂಡವೇ. ಊಟವಿಲ್ಲದೆ ಅದು ಕರಗಿಹೋದರೆ ನರ ಸರಿಹೋದ ಮೇಲೂ ಯಂತ್ರದಿಂದ ಬಿಡಿಸಿಕೊಳ್ಳುವುದು ಕಷ್ಟ. ಅವರು ಬದುಕಿ ಮನೆಗೆ ಹೋಗುತ್ತಾರೋ ಇಲ್ಲವೋ ಎಂಬುದರಲ್ಲಿ ನನ್ನ ಫ್ಲಾಸ್ಕಿಗೂ ಒಂದು ಪಾಲಿತ್ತು.

ಅವರ ಹೆಂಡತಿ ಸುಮಿತ್ರಾ ಮಗಳನ್ನು ತಿರುವನಂತಪುರದಲ್ಲಿ ನೆರೆಮನೆಯವರ ಹತ್ತಿರ ಬಿಟ್ಟು ಬಂದಿದ್ದಳು. ಕೇರಳದ ಆಸ್ಪತ್ರೆಗಳಲ್ಲಿ ರೋಗಿಯ ಕಡೆಯವರನ್ನು ‘ಬೈಸ್ಟ್ಯಾಂಡರ್’ ಎನ್ನುತ್ತಾರೆ. ಪಕ್ಕದಲ್ಲಿ ನಿಂತು ನೋಡುವವರು ಎಂದರ್ಥ. ಐಸಿಯುವಿನ ಒಳಗೆ ಪಕ್ಕದಲ್ಲಿ ನಿಲ್ಲಲು ಬಿಡುವುದಿಲ್ಲವಾದ್ದರಿಂದ ಆಕೆ ಹೊರಗಿನ ಕಾರಿಡಾರಿನ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಎದುರಿಗೆ ಒಂದು ವಾಶ್‌ಬೇಸಿನ್, ಪಕ್ಕದಲ್ಲಿ ಮುಚ್ಚಿದ ಬಾಗಿಲು. ಮಲಯಾಳಂ ಬಂದರೂ ಆ ದಿನಗಳಲ್ಲಿ ಅವಳ ಬಾಯಿಂದ ಅದು ಹೊರಡುತ್ತಿರಲಿಲ್ಲ. ಆದ್ದರಿಂದ ದಿನಕ್ಕೊಮ್ಮೆ ಐದು ನಿಮಿಷ ನಾನು ಪಕ್ಕದಲ್ಲಿ ಕೂತು ಕನ್ನಡ ಮಾತಾಡಿ ಬರುತ್ತಿದ್ದೆ. ಅವಳು ಅಳುತ್ತಿರಲಿಲ್ಲ. “ಅಳೋಕೆ ಬರ್ತಿಲ್ಲ ಮೇಡಂ. ಕಾಲು ಜೋಮು ಹಿಡೀತಲ್ಲ, ಹಂಗೆ, ಎಲ್ಲಾ ಕಡೆ,” ಎಂದಿದ್ದಳು ಒಂದು ಸಲ. ಹೇಳಿ ಸೀರೆಯ ಸೆರಗನ್ನು ಮಡಿಚಿ ಮಡಿಚಿ ಚೌಕ ಮಾಡಿದಳು.

ಒಂದು ಮಧ್ಯಾಹ್ನ ನಾನು ಏಳುವ ಹೊತ್ತಿಗೆ ಅವಳು ಕೈ ಹಿಡಿದಳು.

“ಮೇಡಂ, ಒಂದು ಮಾತು ಕೇಳ್ಲಾ? ತಪ್ಪು ತಿಳ್ಕೋಬಾರದು.”

“ಕೇಳಮ್ಮ.”

“ನೀವು ಕಳಿಸ್ತೀರಲ್ಲ ಗಂಜಿ, ಅದನ್ನ ಚೆಲ್ಲೋ ಬದ್ಲು ನಾನು ಕುಡೀಬಹುದಾ? ಟೀ ಕುಡಿದು ಕುಡಿದು ಹೊಟ್ಟೆ ಉರೀತಿದೆ. ಹೆಂಗಿದ್ರೂ ಚೆಲ್ತಾರಲ್ಲ.”

“ಎಲ್ಲಿ ಚೆಲ್ತಾರೆ?”

“ಇಲ್ಲೇ,” ಎಂದು ಬೇಸಿನ್ ತೋರಿಸಿದಳು. “ಆಯಮ್ಮ ಫ್ಲಾಸ್ಕ್ ತಂದು ಬಗ್ಗಿಸಿ, ತೊಳ್ಕೊಂಡು ಹೋಗ್ತಾಳೆ. ಹಳೇದು ಚೆಲ್ಲಿ ಹೊಸದು ಕೊಡೋದು ಇಲ್ಲಿ ಪದ್ಧತಿ ಏನೋ ಅಂದ್ಕೊಂಡೆ. ಒಳ್ಳೇ ಬೇಳೆ ವಾಸ್ನೆ ಬರುತ್ತೆ.”

ಫ್ಲಾಸ್ಕುಗಳು ನನ್ನ ಕೋಣೆಗೆ ತೊಳೆದು ಖಾಲಿಯಾಗಿಯೇ ವಾಪಸ್ಸು ಬರುತ್ತಿದ್ದವು. ಖಾಲಿ ಫ್ಲಾಸ್ಕನ್ನು ನೋಡಿ ಜಗತ್ತಿನ ಯಾವ ಅಡುಗೆಯವಳಿಗೂ ಅನುಮಾನ ಬರುವುದಿಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ನಾಲ್ಕನೇ ಬೆಡ್ಡಿನ ಕಾಲಬುಡದಲ್ಲಿ ‘ಎನ್‌ಪಿಒ’ ಎಂಬ ರಟ್ಟು ತೂಗುತ್ತಿತ್ತು. ಬಾಯಿಯ ಮೂಲಕವಾಗಲೀ ಕೊಳವೆಯ ಮೂಲಕವಾಗಲೀ ಏನನ್ನೂ ಕೊಡಕೂಡದು ಎಂಬ ಆಜ್ಞೆ ಅದು. ಶಸ್ತ್ರಚಿಕಿತ್ಸೆಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲಿದ್ದದ್ದು ಉಕ್ಕಿ ಶ್ವಾಸಕೋಶಕ್ಕೆ ಇಳಿಯುವ ಭಯ. ಮೂರ್ತಿಯವರ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಕಣ್ಣು ತೆರೆದಿತ್ತು. ಚಾವಣಿಯ ಫ್ಯಾನನ್ನು ನೋಡುತ್ತಿತ್ತು.

ಐಸಿಯುವಿನ ಹಿರಿಯ ನರ್ಸ್ ಸಿಸ್ಟರ್ ಲೀಲಾಮ್ಮ. ಆಕೆಯ ಇಂಗ್ಲಿಷೂ ನನ್ನ ಮಲಯಾಳವೂ ಸೇರಿದರೆ ಒಂದು ಪೂರ್ತಿ ಭಾಷೆಯಾಗುತ್ತಿತ್ತು.

“ಸಿಸ್ಟರ್, ಇವರಿಗೆ ಫೀಡ್ ಯಾಕಿಲ್ಲ?”

“ಇವತ್ತು ಟ್ರಕಿಯಾಸ್ಟಮಿ ಇದೆ ಮೇಡಂ.”

ಬಾಯಿಂದ ಇಳಿಸಿದ ಉಸಿರಿನ ಕೊಳವೆಯನ್ನು ಬಹಳ ದಿನ ಇಟ್ಟರೆ ಗಂಟಲು ಹುಣ್ಣಾಗುತ್ತದೆ. ಆಗ ಕತ್ತಿನ ಮುಂಭಾಗದಲ್ಲಿ ಸಣ್ಣ ರಂಧ್ರ ಮಾಡಿ ಅಲ್ಲಿಂದಲೇ ಕೊಳವೆ ಹಾಕುತ್ತಾರೆ. ಅದೇ ಟ್ರಕಿಯಾಸ್ಟಮಿ. ಮೂರ್ತಿಯವರಿಗೆ ಅದು ಬೇಕೇಬೇಕಿತ್ತು. ಅದರಲ್ಲಿ ಯಾರ ತಕರಾರೂ ಇರಲಿಲ್ಲ.

“ನಿನ್ನೆ?”

“ನಿನ್ನೆಯೂ ಇತ್ತು. ಹರತಾಳ ಆಯ್ತು, ಸರ್ಜನ್ ಕಾರು ಹೊರಗೆ ತೆಗೀಲಿಲ್ಲ.”

ಹರತಾಳ ಎಂದರೆ ನಮ್ಮ ಕಡೆಯ ಬಂದ್. ಕೇರಳದಲ್ಲಿ ಅದು ಋತುಮಾನಗಳಲ್ಲಿ ಒಂದು.

“ಅದಕ್ಕೂ ಮುಂಚೆ?”

“ಆಪರೇಶನ್ ಥಿಯೇಟರಿನಲ್ಲಿ ಫ್ಯೂಮಿಗೇಶನ್, ಕ್ರಿಮಿ ಸಾಯಲು ಹೊಗೆ ಹಾಕಿದ್ದರು. ಅದಕ್ಕೂ ಮುಂಚೆ ಸರ್ಜನ್ನಿಗೆ ತ್ರಿಶೂರಿನಲ್ಲಿ ಮದುವೆ. ಅವರದಲ್ಲ, ಅಣ್ಣನ ಮಗಳದು.” ಸಿಸ್ಟರ್ ಕೈ ಚೆಲ್ಲಿದರು. “ಎಂತು ಚೆಯ್ಯಾನಾ ಮೇಡಂ? ಏನು ಮಾಡೋದು ಹೇಳಿ. ಸಾಯಂಕಾಲ ಕ್ಯಾನ್ಸಲ್ ಅಂತ ಫೋನ್ ಬರತ್ತೆ. ಅಷ್ಟು ಹೊತ್ತಿಗೆ ಮಾರನೇ ದಿನದ ಎನ್‌ಪಿಒ ಬರೆದಿರುತ್ತಾರೆ. ಮಧ್ಯೆ ಒಂದೋ ಎರಡೋ ಫೀಡ್ ಹೋದರೆ ಹೋಯಿತು. ಡ್ರಿಪ್ ನಡೀತಾ ಇದೆಯಲ್ಲ.”

ಡ್ರಿಪ್ ಬಾಟಲಿಯ ಬಗ್ಗೆ ವಿದ್ಯಾವಂತರಲ್ಲೂ ಒಂದು ಭಕ್ತಿಯುಂಟು. ಅರ್ಧ ಲೀಟರ್ ಡೆಕ್ಸ್ಟ್ರೋಸ್ ಬಾಟಲಿಯಲ್ಲಿ ಇರುವುದು ಇಪ್ಪತ್ತೈದು ಗ್ರಾಂ ಸಕ್ಕರೆ. ಮದುವೆಮನೆಯಲ್ಲಿ ಅಷ್ಟು ಸಕ್ಕರೆ ಹಾಕಿ ಪಾನಕ ಕೊಟ್ಟರೆ ಬೀಗರು ಮುನಿಸಿಕೊಳ್ಳುತ್ತಾರೆ.

ಆಮೇಲಿನ ಒಂದು ಗಂಟೆ ನಾನು ಆಸ್ಪತ್ರೆಯ ಸಂವಿಧಾನವನ್ನು ಅಭ್ಯಾಸ ಮಾಡಿದೆ. ಮೂರ್ತಿಯವರ ಮುಖ್ಯ ವೈದ್ಯರು ಡಾಕ್ಟರ್ ಕುರಿಯನ್. ಒಳ್ಳೆಯವರು, ಮೆತ್ತಗಿನವರು. “ಫೀಡ್ ನಿಲ್ಲಿಸಲು ಹೇಳಿದ್ದು ಸರ್ಜನ್. ಅವರ ಮಾತು ನಾನು ಹೇಗೆ ತೆಗೆಯಲಿ?” ಎಂದರು. ಅರಿವಳಿಕೆ ತಜ್ಞರು, “ಸರ್ಜನ್ ಬರುತ್ತೇನೆಂದರೆ ಹೊಟ್ಟೆ ಖಾಲಿ ಇರಿಸಬೇಕು, ಬರದಿದ್ದರೆ ನನಗೆ ಸಂಬಂಧವಿಲ್ಲ” ಎಂದರು. ಸರ್ಜನ್ ನಮ್ಮವರಲ್ಲ, ಕರೆದರೆ ಬರುವ ವಿಸಿಟಿಂಗ್ ಕನ್ಸಲ್ಟೆಂಟ್. ಪಾಲಾರಿವಟ್ಟಂನಲ್ಲಿ ಅವರ ಸ್ವಂತ ಕ್ಲಿನಿಕ್. ಅಲ್ಲಿಗೆ ಫೋನ್ ಮಾಡಿದರೆ ಡಾಕ್ಟರಿಗೆ ಬಿಡುವಿಲ್ಲ ಎಂಬ ಉತ್ತರ. ಒಟ್ಟಿನಲ್ಲಿ ರೋಗಿಯ ಊಟ ನಿಲ್ಲಿಸುವ ಹಕ್ಕು ಮೂವರಿಗೂ ಇತ್ತು. ಮತ್ತೆ ಕೊಡಿ ಎನ್ನುವ ಹಕ್ಕು ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಎಲ್ಲರೂ ನಿಯಮ ಪಾಲಿಸುತ್ತಿದ್ದರು. ನಿಯಮದ ಪ್ರಕಾರವೇ ಒಬ್ಬ ಮನುಷ್ಯ ಉಪವಾಸ ಬಿದ್ದಿದ್ದ.

ನನಗೆ ಸಿಟ್ಟು ಬಂತೇ ಎಂದು ಎಷ್ಟೋ ಜನ ಕೇಳಿದ್ದಾರೆ. ಇಲ್ಲ. ಏನೂ ಬರಲಿಲ್ಲ. ಮೈಯೆಲ್ಲ ತಣ್ಣಗಿತ್ತು, ಅಷ್ಟೆ. ಯಾವುದೋ ದೂರದ ಊರಿನ ಸುದ್ದಿ ಓದಿದ ಹಾಗೆ.

ಎರಡನೆಯ ಸಲ ಐಸಿಯುವಿನಿಂದಲೇ ಕ್ಲಿನಿಕ್ಕಿಗೆ ಫೋನ್ ಮಾಡಿದಾಗ ಅಲ್ಲಿನ ಹುಡುಗಿ ಸ್ಪಷ್ಟವಾಗಿ ಹೇಳಿದಳು: ಇವತ್ತು ಸರ್ ಬರುವುದಿಲ್ಲ, ಹೊರಗೆ ಇನ್ನೂ ಬಹಳ ಜನ ಕೂತಿದ್ದಾರೆ. ರಿಸೀವರನ್ನು ಕುರಿಯನ್ ಅವರ ಕೈಗೇ ಕೊಟ್ಟೆ. ಅವರೂ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು.

“ಸರಿ. ಕೊಡಿ,” ಎಂದರು.

ಹಸಿದು ಒಣಗಿದ ದೇಹಕ್ಕೆ ಒಮ್ಮೆಲೇ ಪೂರ್ತಿ ಊಟ ಕೊಟ್ಟರೆ ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೇ ಕುತ್ತು ಬರಬಹುದು. ಹಾಗಾಗಿ ತೆಳ್ಳಗೆ ಮಾಡಿ ನೂರೇ ಮಿಲಿಲೀಟರ್ ತಂದೆ. ಸಿಸ್ಟರ್ ಲೀಲಾಮ್ಮ ರಟ್ಟನ್ನು ತೆಗೆದು ಕಿಟಕಿಯ ಮೇಲಿಟ್ಟು, ಸಿರಿಂಜನ್ನು ಎತ್ತಿ ಹಿಡಿದು ನಿಧಾನವಾಗಿ ಇಳಿಸಿದರು. ಮೂರ್ತಿಯವರ ಕಣ್ಣು ಫ್ಯಾನಿನಿಂದ ಇಳಿದು ಸಿರಿಂಜಿನ ಮೇಲೆ ಬಂತು. ಕೊನೆಯ ಹನಿಯವರೆಗೂ ಅಲ್ಲೇ ಇತ್ತು.

ಸಿಸ್ಟರ್ ಕೊಳವೆಗೆ ನೀರು ಹಾಯಿಸಿ ಮುಚ್ಚುವಷ್ಟರಲ್ಲಿ ಬಾಗಿಲು ತೆರೆಯಿತು. ಸರ್ಜನ್ ಬಂದರು.

ಅಷ್ಟು ದಿನ ಬಾರದವರು, ಕೈಯಲ್ಲಿ ಬ್ಯಾಗು, ಮುಖದಲ್ಲಿ ಉಪಕಾರ ಮಾಡುವ ಕಳೆ. ಹೊರಗೆ ಕೂತವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ, ನಾನು ಎರಡೆರಡು ಸಲ ಫೋನ್ ಮಾಡಿದ್ದಕ್ಕೇ ಬಂದಿದ್ದರಂತೆ. ನನ್ನ ಪರಿಶ್ರಮ ಇಷ್ಟು ಸಂಪೂರ್ಣವಾಗಿ ಫಲಿಸಿದ ಸಂದರ್ಭ ಜೀವನದಲ್ಲಿ ಮತ್ತೊಂದಿಲ್ಲ.

“ರೆಡಿ ಇದೆಯಾ?” ಎಂದವರು ಸಿರಿಂಜು ನೋಡಿದರು. “ಇದೇನು? ಯಾರು ಫೀಡ್ ಕೊಟ್ಟಿದ್ದು?”

ಸಿಸ್ಟರ್ ನೆಲ ನೋಡಿದರು. ಕುರಿಯನ್ ಕಿಟಕಿ ನೋಡಿದರು.

“ನಾನು ಕೊಡಿಸಿದ್ದು,” ಎಂದೆ.

“ನೀವು ಯಾರು?”

“ಡಯಟೀಶಿಯನ್.”

“ಮೇಡಂ, ಕ್ಯಾಂಟೀನ್ ಗ್ರೌಂಡ್ ಫ್ಲೋರಿನಲ್ಲಿದೆ.”

“ಹೌದು ಡಾಕ್ಟರ್. ಇವರಿಗೆ ಕೆಳಗೆ ಬರಲು ಆಗುತ್ತಿಲ್ಲ.”

ಅವರ ಮುಖ ಕೆಂಪಾಯಿತು. ಆಮೇಲೆ ಬೆಡ್ಡಿನ ಎರಡು ಬದಿಯಲ್ಲಿ ನಿಂತು, ಮಲಗಿದವರ ಮೇಲಿನಿಂದಲೇ, ಜಗಳವೋ ಜಗಳ. ಗಂಟಲಿನ ಕೊಳವೆ ಇನ್ನೂ ಇದ್ದು ಹುಣ್ಣಾದರೆ ಯಾರು ಹೊಣೆ, ನನ್ನ ಸಮಯಕ್ಕೆ ಬೆಲೆ ಇಲ್ಲವೇ, ಇನ್ನು ಈ ಆಸ್ಪತ್ರೆಗೆ ಕಾಲಿಡುವುದಿಲ್ಲ, ಇತ್ಯಾದಿ ಎಂದರು ಸರ್ಜನ್. ಮೊದಲನೆಯದನ್ನು ನಾನು ತಳ್ಳಿಹಾಕುವಂತಿರಲಿಲ್ಲ. ಅದು ನಿಜವಾದ ಪ್ರಶ್ನೆ. ಅವರು ಹೊರಟುಹೋದರೆ ಮತ್ತೆ ಯಾವಾಗ ಬರುತ್ತಾರೋ, ಅಲ್ಲಿಯವರೆಗೆ ಆ ಗಂಟಲಿನ ಗತಿ ಏನೋ.

ಕೊನೆಗೆ ಸರ್ಜನ್ ಒಂದು ಪರಿಹಾರ ಸೂಚಿಸಿದರು. “ಸಿಸ್ಟರ್, ಅದೇ ಸಿರಿಂಜು ಹಾಕಿ ಹೊಟ್ಟೆಯಲ್ಲಿರೋದನ್ನು ವಾಪಸ್ ಎಳೀರಿ. ಹೇಗೂ ಉಸಿರಿಗೆ ಕೊಳವೆ ಇದೆ. ಇವತ್ತೇ ಮುಗಿಸಿಬಿಡುತ್ತೇನೆ.”

ವೈದ್ಯಕೀಯವಾಗಿ ಅದು ತೀರಾ ತಪ್ಪು ಮಾತೇನಲ್ಲ. ಹೊಟ್ಟೆಯಲ್ಲಿದ್ದದ್ದನ್ನು ಹಿಂದಕ್ಕೆ ಎಳೆಯುವುದು ನರ್ಸುಗಳು ದಿನವೂ ಮಾಡುವ ಕೆಲಸವೇ. ಸಿಸ್ಟರ್ ಸಿರಿಂಜು ಕೈಗೆತ್ತಿಕೊಂಡರು. ಇಪ್ಪತ್ತು ವರ್ಷ ಡಾಕ್ಟರುಗಳ ಮಾತು ಮುಗಿಯುವ ಮುಂಚೆಯೇ ಕೈ ಆಡಿಸಿ ಅಭ್ಯಾಸವಾದವರು. ಕೊಳವೆಯ ಮುಚ್ಚಳಕ್ಕೆ ಬೆರಳು ತಾಗಿಸಿದರು. ಅಲ್ಲಿಗೆ ನಿಂತರು. ಮೂರ್ತಿಯವರ ಮುಖ ನೋಡಿದರು. ಸಿರಿಂಜನ್ನು ಟ್ರೇಯಲ್ಲಿ ವಾಪಸ್ ಇಟ್ಟರು.

“ನನ್ನಿಂದ ಆಗಲ್ಲ ಡಾಕ್ಟರ್. ತಿಂದವರ ಬಾಯಿಂದ ಕಿತ್ತ ಹಾಗೆ ಆಗತ್ತೆ.”

ವೆಂಟಿಲೇಟರ್ ತನ್ನ ಪಾಡಿಗೆ ಉಸ್ಸೆನ್ನುತ್ತಿತ್ತು. ಕುರಿಯನ್ ಕಿಟಕಿಯಿಂದ ತಿರುಗಿದರು.

“ಬೇಡ,” ಎಂದರು. “ಅದು ಅಲ್ಲೇ ಇರಲಿ. ನಾಳೆ ಮಾಡಿ. ಎಷ್ಟು ಗಂಟೆಗೆ ಬರುತ್ತೀರೋ ಈಗ ಹೇಳಿ. ಅದಕ್ಕೆ ಆರು ಗಂಟೆ ಮುಂಚೆ ನಾನೇ ನಿಲ್ಲಿಸುತ್ತೇನೆ. ನೀವು ಬರದಿದ್ದರೆ ಅರ್ಧ ಗಂಟೆ ಕಾದು ನಾನೇ ಶುರುಮಾಡಿಸುತ್ತೇನೆ.”

ಆ ಮೆತ್ತಗಿನ ಮನುಷ್ಯ ಅಷ್ಟು ಉದ್ದ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು. ಸರ್ಜನ್ ಬ್ಯಾಗು ಎತ್ತಿಕೊಂಡರು. ಬಾಗಿಲ ಹತ್ತಿರ ಹೋಗಿ, ಹಿಂದೆ ತಿರುಗದೆ, “ಹತ್ತು ಗಂಟೆ” ಎಂದರು.

ಹೊರಗೆ ಬಂದೆ. ಸುಮಿತ್ರಾ ಎದ್ದು ನಿಂತಿದ್ದಳು. ಕೂಗಾಟ ಕಾರಿಡಾರಿಗೆಲ್ಲ ಕೇಳಿಸಿತ್ತು.

“ಮೇಡಂ, ನಾನೇನಾದ್ರೂ ಕೇಳಬಾರದ್ದು ಕೇಳಿಬಿಟ್ನಾ?”

“ಇಲ್ಲಮ್ಮ. ಗಂಜಿ ಇನ್ನು ಸಿಗಲ್ಲ ನಿಂಗೆ. ಅವರೇ ಕುಡೀತಾರಂತೆ. ಕ್ಯಾಂಟೀನಿಗೆ ಬಾ, ದೋಸೆ ತಿನ್ನು.”

ಅವಳು ಬಂದಳು. ಎರಡು ದೋಸೆ ತಿಂದಳು. ನಾನೂ ಎದುರಿಗೆ ಕೂತು ತಿಂದೆ. ಇಬ್ಬರಿಗೂ ರುಚಿ ಗೊತ್ತಾಗಲಿಲ್ಲ. ಚಟ್ನಿಗೆ ಉಪ್ಪು ಹಾಕಿರಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು.

ಮರುದಿನ ಬೆಳಗಿನ ಜಾವ ನಾಲ್ಕರವರೆಗೆ ಫೀಡ್ ಹೋಯಿತು. ಸರ್ಜನ್ ಹತ್ತು ಗಂಟೆಗೆ ಸರಿಯಾಗಿ ಬಂದರೆಂದು ಬರೆದರೆ ಓದುಗರು ನಂಬಲಾರರು. ಹತ್ತೂವರೆಗೆ ಎರಡೇ ನಿಮಿಷ ಇದ್ದಾಗ ಬಂದರು. ಕುರಿಯನ್ ಕೈಗಡಿಯಾರ ನೋಡುತ್ತಾ ಬಾಗಿಲಲ್ಲೇ ನಿಂತಿದ್ದರು. ಕೆಲಸ ಚೆನ್ನಾಗಿ ಮಾಡಿದರು. ಅವರ ಕೈಗುಣದ ಬಗ್ಗೆ ನನಗೆ ಯಾವತ್ತೂ ತಕರಾರಿರಲಿಲ್ಲ. ಗಂಟಲಿನಲ್ಲಿ ಸಣ್ಣ ಹುಣ್ಣಿತ್ತು, ಮಾಯಿತು. ಮಧ್ಯಾಹ್ನದಿಂದ ಫ್ಲಾಸ್ಕು ಮತ್ತೆ ಮೇಲೆ ಹೋಯಿತು. ಮುಂದೆ ವಾರಗಟ್ಟಲೆ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಐಸಿಯುವಿನಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಫೀಡಿನ ಪ್ರಮಾಣ ಏರಿತು, ಯಂತ್ರದ ಪಾಲು ಇಳಿಯಿತು, ಒಂದು ದಿನ ಅದನ್ನು ತಳ್ಳಿಕೊಂಡು ಬೇರೆ ಬೆಡ್ಡಿಗೆ ಒಯ್ದರು. ಮೂರ್ತಿಯವರನ್ನು ಆಂಬ್ಯುಲೆನ್ಸಿನಲ್ಲಿ ತಿರುವನಂತಪುರಕ್ಕೆ ಕಳಿಸಿಕೊಟ್ಟೆವು.

ಮುಂದಿನ ವರ್ಷ ಒಂದು ತರಬೇತಿಗೆ ತಿರುವನಂತಪುರಕ್ಕೆ ಹೋದಾಗ ಅವರ ಮನೆಗೆ ಊಟಕ್ಕೆ ಕರೆದರು. ಮೂರ್ತಿ ಕೋಲು ಹಿಡಿದು ಬಾಗಿಲಿಗೆ ಬಂದರು. ಬೆರಳ ತುದಿಗಳಿಗೆ ಇನ್ನೂ ಸ್ಪರ್ಶ ಬಂದಿರಲಿಲ್ಲ. ಅನ್ನ ಕಲಸುವುದು ನಿಧಾನ, ಬಿಸಿಯೋ ತಣ್ಣಗೋ ಹೆಂಡತಿ ಹೇಳಬೇಕು. ಮಗಳು, “ಅಚ್ಛಾ, ಸಾಂಬಾರ್ ಚೂಡಾಣ್” ಎಂದು ಅಪ್ಪನನ್ನು ಮಲಯಾಳದಲ್ಲೇ ಎಚ್ಚರಿಸಿದಳು.

“ಬಿಸಿ ಅನ್ನೋದಕ್ಕೂ ಇವಳಿಗೆ ಕನ್ನಡ ಬರಲ್ಲ ನೋಡಿ,” ಎಂದು ಸುಮಿತ್ರಾ ಗೊಣಗಿದಳು.

“ಸುಡೋ ಮೊದ್ಲು ಹೇಳ್ತಾಳಲ್ಲ, ಸಾಕು,” ಎಂದರು ಮೂರ್ತಿ.

ಊಟದ ನಡುವೆ ನಾನು ಕೇಳಿದೆ, ಆ ದಿನಗಳ ನೆನಪಿದೆಯೇ ಎಂದು.

“ಎಲ್ಲಾ ಇದೆ ಮೇಡಂ,” ಎಂದರು. ಹವಾಮಾನದ ವಿಷಯ ಹೇಳುವವರ ದನಿ. “ಮೊದಮೊದಲು ಹಸಿವು ಬಹಳ ಇತ್ತು. ಬೇಸಿನ್ ಹತ್ರ ಗಂಜಿ ಚೆಲ್ಲಿದ ಸದ್ದು ಒಳಗೂ ಕೇಳ್ಸೋದು. ಆಮೇಲೆ ಹಸಿವೂ ಹೋಯ್ತು. ಕೈ ಹೋಯ್ತು, ಕಾಲು ಹೋಯ್ತು, ಈಗ ಇದೂ ಹೋಯ್ತು, ಇನ್ನೇನು ಉಳೀತು ಅಂತ ಆವಾಗ ಹೆದರಿಕೆ ಆಯ್ತು.”

“ಆವತ್ತು ನಿಮ್ಮ ತಲೆಯ ಮೇಲೆ ಅಷ್ಟೊಂದು ಜಗಳ ಆಡಿದೆವು. ಕೇಳಿಸಿರಬೇಕು.”

“ವಾಪಸ್ ಎಳೀರಿ ಅಂದ್ರಲ್ಲ, ಅಲ್ಲೀವರೆಗೆ ಕೇಳಿಸ್ಕೊಂಡೆ. ಬೇಡ ಅಂದ್ರಲ್ಲ ಕುರಿಯನ್, ಆಮೇಲೆ ಗೊತ್ತಿಲ್ಲ. ಹೊಟ್ಟೆ ಬೆಚ್ಚಗಿತ್ತು. ನಿದ್ದೆ ಹೋಗಿಬಿಟ್ಟೆ.”

ಮೂವರು ತಜ್ಞರ ವಾಗ್ವಾದದ ಮಧ್ಯೆ ರೋಗಿ ನಿದ್ದೆ ಹೋದ ಆ ಸಂಗತಿಯನ್ನು ನಾನು ನನ್ನ ವೃತ್ತಿಯ ಅತ್ಯುನ್ನತ ಪ್ರಶಸ್ತಿಯೆಂದು ಪರಿಗಣಿಸಿದ್ದೇನೆ. ಬೇರೆ ಪ್ರಶಸ್ತಿ ಬರಲಿಲ್ಲ ಎಂಬುದೂ ಅದಕ್ಕೊಂದು ಕಾರಣ.

ಕುರಿಯನ್ ಅವರ ಮಾತು ಆ ಐಸಿಯುವಿನಲ್ಲಿ ನಿಯಮವಾಯಿತು: ಊಟ ನಿಲ್ಲಿಸಿದವರು ಮತ್ತೆ ಯಾವಾಗ ಶುರುಮಾಡಬೇಕೆಂದೂ ಆಗಲೇ ಹೇಳಬೇಕು. ಅವರು ಬೇರೆ ಆಸ್ಪತ್ರೆಗೆ ಹೋದ ಮೇಲೆ ನಿಯಮ ಸಡಿಲವಾಯಿತು, ಆಮೇಲೆ ಯಾರಿಗೂ ನೆನಪಿರಲಿಲ್ಲ. ಇದರಿಂದ ನನಗೆ ಆಶ್ಚರ್ಯವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು: ತಡೆಯುವ ಮಾತಿಗೆ ಆಸ್ಪತ್ರೆಯಲ್ಲಿ ಬೇಕಾದಷ್ಟು ಒಡೆಯರಿರುತ್ತಾರೆ, ಮುಂದುವರಿಸಿ ಎನ್ನುವ ಮಾತಿಗೆ ಒಬ್ಬರನ್ನು ಹುಡುಕಬೇಕಾಗುತ್ತದೆ. ನಿವೃತ್ತಿಯವರೆಗೂ ಎನ್‌ಪಿಒ ರಟ್ಟು ಕಂಡ ಬೆಡ್ಡಿನ ಮುಂದೆಲ್ಲ ನಿಂತು, ಇದನ್ನು ತೆಗೆಯುವವರು ಯಾರು ಎಂದು ಕೇಳಿದ್ದೇನೆ. ಹೆಸರು ಸಿಗುವವರೆಗೆ ಕದಲುತ್ತಿರಲಿಲ್ಲ. ಹೆಚ್ಚಿನ ಸಲ ಬೇಗ ಸಿಗುತ್ತಿತ್ತು. ಅಡುಗೆಮನೆಯ ಹೆಂಗಸೊಬ್ಬಳು ಮತ್ತೇನೂ ಮಾತಾಡದೆ ಸುಮ್ಮನೆ ನಿಂತುಬಿಟ್ಟರೆ ಡಾಕ್ಟರುಗಳಿಗೆ ಬಹಳ ಹೊತ್ತು ತಡೆಯಲಾಗುವುದಿಲ್ಲ.